ಹನ್ನೊಂದನೇ ಸೀಟಿನ ತುತ್ತು

ನಮ್ಮೂರಿನಿಂದ ವಿಮಾನ ಹತ್ತುವವರು ಯಾರೇ ಆಗಿರಲಿ, ಮೊದಲು ನಮ್ಮ ಹೋಟೆಲಿಗೆ ಬಂದು ಏನಾದರೂ ತಿಂದು, ತಟ್ಟೆಯಲ್ಲಿ ಒಂದು ತುತ್ತು ಉಳಿಸಿ ಹೋಗಬೇಕು. ಹೋದವರ ಮನಸ್ಸಿನಲ್ಲಿ ವಾಪಸು ಬರುವ ಯೋಚನೆ ಇರುವಷ್ಟು ಕಾಲ ಆ ತುತ್ತು ಇಟ್ಟ ಹಾಗೇ ಇರುತ್ತದೆ. ಬಿಸಿ ಇದ್ದದ್ದು ಬಿಸಿಯಾಗಿ, ಗರಿಗರಿ ಇದ್ದದ್ದು ಗರಿಗರಿಯಾಗಿ. ಆ ಯೋಚನೆ ಮುರಿದ ದಿನ ಮಾತ್ರ ಅದು ಬೇರೆಲ್ಲ ಊರಿನ ತಿಂಡಿಯ ಹಾಗೆ ಹಳಸಿ ಹೋಗುತ್ತದೆ. ಎಂಜಲನ್ನು ಕಾಯುವುದೇ ಎಂದು ಮೂಗು ಮುರಿಯುವ ಹೊರಗಿನ ಸೊಸೆಯಂದಿರು ಕೂಡ ಆರು ತಿಂಗಳಲ್ಲಿ ದಾರಿಗೆ ಬರುತ್ತಾರೆ. ಗಂಡನನ್ನು ಒಮ್ಮೆ ವಿಮಾನ ಹತ್ತಿಸಿದರೆ ಸಾಕು, ಆಮೇಲೆ ಅವರೇ ಬಾಗಿಲು ತೆಗೆಯುವ ಮುಂಚೆ ಬಂದು ನಿಂತಿರುತ್ತಾರೆ.

ಹೋಟೆಲಿನ ಬೋರ್ಡಿನ ಮೇಲೆ ಶ್ರೀ ಗಗನವಿಹಾರ ಭವನ ಎಂದಿದೆ. ಆ ಹೆಸರು ಬೋರ್ಡು ಬರೆದವನಿಗೂ ಈಗ ನೆನಪಿರಲಿಕ್ಕಿಲ್ಲ. ಜನರ ಬಾಯಲ್ಲಿ ಅದು ರೆಕ್ಕೆ ಹೋಟೆಲು. ರನ್‌ವೇಯ ತಂತಿಬೇಲಿಗೆ ಒರಗಿದಂತೆ ನಿಂತಿರುವ ಹಳೆಯ ವಿಮಾನವೇ ನಮ್ಮ ಹೋಟೆಲು. ಎಡಗಡೆಯ ರೆಕ್ಕೆಯ ನೆರಳಿನಲ್ಲಿ ಸ್ಕೂಟರುಗಳು ನಿಲ್ಲುತ್ತವೆ, ಬಲಗಡೆಯ ರೆಕ್ಕೆಯ ಮೇಲೆ ಸಂಡಿಗೆ ಒಣಗುತ್ತದೆ. ಪೈಲಟ್ ಕೂರುತ್ತಿದ್ದ ಜಾಗದಲ್ಲಿ ದೋಸೆಯ ಕಾವಲಿ ಇದೆ. ಮಾಲೀಕರಾದ ಪರಮೇಶಪ್ಪನವರು ಹುಟ್ಟಿದಾಗಿನಿಂದ ವಿಮಾನ ಹತ್ತಿದವರಲ್ಲ. ಸ್ಟೂಲಿನ ಮೇಲೆ ನಿಂತು ಬಲ್ಬು ಹಾಕಬೇಕಾದರೂ ಅವರಿಗೆ ತಲೆ ತಿರುಗುತ್ತದೆ. ಆದರೂ ಬಿಳಿ ಅಂಗಿ, ಭುಜದ ಮೇಲೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ, ತಲೆಗೆ ಟೊಪ್ಪಿ. ಬೆಳಿಗ್ಗೆ ಮೈಕು ಹಿಡಿದು, "ಹವಾಮಾನ ಚೆನ್ನಾಗಿದೆ, ಇಡ್ಲಿ ಇಳಿಯೋಕೆ ಇನ್ನು ಹತ್ತು ನಿಮಿಷ, ಎಲ್ಲರೂ ದಯವಿಟ್ಟು ಕೂತ್ಕೊಳ್ಳಿ" ಎಂದು ಗಂಭೀರವಾಗಿ ಹೇಳುತ್ತಾರೆ. ನಾವೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುವುದು. ಒಮ್ಮೆ ತಮಾಷೆಗೆ ಶುರುವಾದದ್ದು, ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರೆ.

ರಸ್ತೆಯ ಆಚೆ ಬದಿಗೆ ಕಂಟ್ರೋಲ್ ಟವರ್ ಬಾರ್ ಇದೆ. ಸುತ್ತಲೂ ಗಾಜು, ಮೇಲೊಂದು ತಿರುಗುವ ಕೆಂಪು ದೀಪ. ನಮ್ಮ ಹೋಟೆಲಿನಲ್ಲಿ ಯಾರದಾದರೂ ತುತ್ತು ಹಳಸಿತೆಂದರೆ ಆ ಮನೆಯ ಗಂಡಸರು ಸಂಜೆ ಅಲ್ಲಿಗೆ ಹೋಗುತ್ತಾರೆ. ಅಂಥವರಿಗೆ ಮೊದಲ ಗ್ಲಾಸು ಬಾರಿನವರ ಕಡೆಯಿಂದ, ಅದು ಅಲ್ಲಿಯ ಪದ್ಧತಿ. ಹೆಂಗಸರಿಗೆ ಹಾಗೆ ಹೋಗಿ ಕೂರುವ ಜಾಗ ಯಾವುದೂ ಇಲ್ಲ. ಅವರು ಮನೆಯಲ್ಲೇ ಇರುತ್ತಾರೆ.

ನನ್ನ ಹೆಸರು ನಾಗವೇಣಿ, ಊರಿಗೆಲ್ಲ ವೇಣಕ್ಕ. ಇಪ್ಪತ್ತೊಂದು ವರ್ಷ ಈ ಹೋಟೆಲಿನಲ್ಲಿ ತುತ್ತು ಕಾಯುವ ಕೆಲಸ ಮಾಡಿದೆ. ಸೀಟುಗಳ ಮೇಲ್ಗಡೆ ಸಾಲಾಗಿ ಮುಚ್ಚಳದ ಗೂಡುಗಳಿವೆ. ಹಾರಾಡುವ ವಿಮಾನಗಳಲ್ಲಿ ಅಲ್ಲಿ ಪೆಟ್ಟಿಗೆ ಇಡುತ್ತಾರಂತೆ, ನಮ್ಮಲ್ಲಿ ತಟ್ಟೆ ಇಡುತ್ತೇವೆ. ಬೆಳಿಗ್ಗೆ ಒಂದೊಂದೇ ಗೂಡು ತೆಗೆದು ಮೂಸಿ ನೋಡಬೇಕು. ಎಲ್ಲ ಸರಿಯಿದ್ದರೆ ಮುಚ್ಚಬೇಕು. ಯಾವುದಾದರೂ ಹಳಸಿದ್ದರೆ ಅದನ್ನು ತೆಗೆದು, ತಟ್ಟೆಯನ್ನು ಹುಣಸೆಹಣ್ಣು ಹಾಕಿ ತೊಳೆದು, ಮಧ್ಯಾಹ್ನದೊಳಗೆ ಆ ಮನೆಗೆ ಒಯ್ದು ಕೊಡಬೇಕು. ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಾನು ತೊಳೆದ ತಟ್ಟೆ ಹಿಡಿದು ನಿಂತರೆ ಎಳೆ ಮಗುವಿಗೂ ಅರ್ಥವಾಗುತ್ತದೆ. ಹೋದವನು ಸತ್ತನೋ, ಬದುಕಿದ್ದೇ ಮರೆತನೋ, ಅದನ್ನು ತುತ್ತು ಹೇಳುವುದಿಲ್ಲ. ಬರುವುದಿಲ್ಲ ಎನ್ನುವುದಷ್ಟೇ ಅದರ ಮಾತು.

ವಾಪಸು ಬಂದವರು ಕೂಡ ಮನೆಗೆ ಹೋಗುವ ಮುಂಚೆ ಇಲ್ಲಿಗೇ ಬಂದು ತಮ್ಮ ತುತ್ತು ತಿನ್ನಬೇಕು. ತುತ್ತು ಕೆಡದೆ ಉಳಿಸಿಕೊಂಡವನಿಗೆ ಮನೆಯವರು ಬಾಗಿಲು ಹಾಕುವ ಹಾಗಿಲ್ಲ, ಎಷ್ಟು ವರ್ಷವಾದರೂ ಸರಿ. ತುತ್ತು ಹಳಸಿದ ಮೇಲೆ ಬಂದವನು ಬರೀ ನೆಂಟ. ಕಾಫಿ ಕೊಟ್ಟು ಕಳಿಸಬಹುದು, ಒಳಗೆ ಕರೆದರೆ ಅದು ಮನೆಯವರ ದೊಡ್ಡತನ. ಈ ಪದ್ಧತಿಯ ಮೇಲೆ ನಮ್ಮೂರಿನಲ್ಲಿ ಎಷ್ಟೋ ಸಂಸಾರ ನಿಂತಿವೆ, ಎಷ್ಟೋ ಮುಗಿದಿವೆ. ಯಾರೂ ತಕರಾರು ಮಾಡಿದ್ದಿಲ್ಲ, ಯಾಕೆಂದರೆ ತುತ್ತಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ತುತ್ತಿಗೆ ಬರುವುದಿಲ್ಲ ನಿಜ, ವೇಣಕ್ಕನಿಗೆ ಬರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಚಂದ್ರಹಾಸ ಕ್ರೇನ್ ರಿಪೇರಿಯವನು. ದೂರದ ಬಂದರಿನಲ್ಲಿ ಎರಡು ವರ್ಷದ ಕೆಲಸ ಎಂದು ಹೊರಟ ದಿನ ಹನ್ನೊಂದನೇ ಸೀಟಿನಲ್ಲಿ ಕೂತು ಸೆಟ್ ದೋಸೆ ತಿಂದ. ಪಕ್ಕದಲ್ಲಿ ಹೆಂಡತಿ ಸುನಂದ. ಅವಳು ವಿಮಾನ ನಿಲ್ದಾಣದ ಕೆಲಸದವರಿಗೆಲ್ಲ ಯೂನಿಫಾರಂ ಹೊಲಿಯುವವಳು. ಅವಳು ಹಾಕಿದ ಕಾಲರು ಬೆವರಿಗೂ ಬಗ್ಗುವುದಿಲ್ಲ ಎಂದು ಹೆಸರು. "ಇಷ್ಟು ಚಿಕ್ಕದು ಬಿಟ್ರೆ ಹೆಂಗ್ರೀ? ಇನ್ನೊಂದ್ ಸ್ವಲ್ಪ ದೊಡ್ಡದು ಬಿಡಿ" ಎಂದು ಅವಳು ಗಂಡನ ಕೈ ಹಿಡಿದು ಜಗಳ ಆಡಿದಳು. ಅವನು ನಗುತ್ತಾ ಬಾಯಿಗೆ ಹಾಕಿಕೊಳ್ಳಬೇಕಾದ್ದನ್ನು ತಟ್ಟೆಗೆ ಇಳಿಸಿದ. ಅಂಗೈಯಲ್ಲಿ ಹಿಡಿಸುವಷ್ಟು ಚೂರು, ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಹರಿದ ಅಂಚು, ಮೇಲೊಂದು ಚಮಚದಷ್ಟು ಸಾಗು. ಅದರ ಆಕಾರ ನನಗೆ ನನ್ನ ಸ್ವಂತ ಅಂಗೈಗಿಂತ ಚೆನ್ನಾಗಿ ಗೊತ್ತು. ಯಾಕೆ ಎಂದು ಹೇಳುತ್ತೇನೆ.

ಸುನಂದ ಶನಿವಾರ ಶನಿವಾರ ಬರುತ್ತಿದ್ದಳು. ಹೊಲಿದ ಬಟ್ಟೆಗಳನ್ನು ನಿಲ್ದಾಣಕ್ಕೆ ತಲುಪಿಸಿ, ಬರುವ ದಾರಿಯಲ್ಲಿ ಅರ್ಧ ಕಾಫಿ ಕುಡಿದು, "ಒಂದ್ಸಲ ತೆಗೀರಿ ವೇಣಕ್ಕ" ಎನ್ನುವಳು. ನಾನು ಗೂಡು ತೆಗೆದು ತಟ್ಟೆ ಇಳಿಸುತ್ತಿದ್ದೆ. ಅವಳು ಮುಟ್ಟುತ್ತಿರಲಿಲ್ಲ. ಬಗ್ಗಿ ಸಾಗುವಿನ ವಾಸನೆ ತೆಗೆದುಕೊಂಡು, "ಹೂಂ, ಇದಾರೆ" ಎಂದು ಹೇಳಿ ಎದ್ದು ಹೋಗುವಳು. ಅಷ್ಟೇ. ಮಿಕ್ಕವರ ಹಾಗೆ ಅಳುವುದು, ತಟ್ಟೆಗೆ ಕುಂಕುಮ ಇಡುವುದು, ಫೋಟೋ ತೆಗೆಯುವುದು ಯಾವುದೂ ಇಲ್ಲ. ಅದಕ್ಕೇ ನನಗೆ ಅವಳು ಅಂದರೆ ಜೀವ.

ಎರಡು ವರ್ಷ ಆಗಲು ಇನ್ನೆರಡು ತಿಂಗಳು ಇರುವಾಗ, ಒಂದು ಸೋಮವಾರ ಬೆಳಿಗ್ಗೆ ಗೂಡು ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಸಾಗುವಿನ ಮೇಲೆ ಬಿಳಿ ಬೂಷ್ಟು. ಮುಚ್ಚಳ ಹಾಕಿ, ಸುಳ್ಳಿರಲಿ ಎಂದು ಮತ್ತೊಮ್ಮೆ ತೆಗೆದು ನೋಡಿದೆ. ಆದರೂ ಕೆಲಸ ಕೆಲಸವೇ. ತಟ್ಟೆ ತೊಳೆದು, ಒರೆಸಿ, ಸೆರಗಿನಡಿ ಹಿಡಿದುಕೊಂಡು ಸುನಂದಳ ಮನೆಗೆ ಹೊರಟೆ. ಬೀದಿ ತಿರುಗುತ್ತಿದ್ದ ಹಾಗೇ ಮನೆಯ ಮುಂದೆ ಜನ ಕಂಡರು. ಅವಳ ತಾಯಿ ಅವತ್ತು ಬೆಳಗಿನ ಜಾವ ತೀರಿಕೊಂಡಿದ್ದರು. ಅವಳು ಗೋಡೆಗೆ ಒರಗಿ ಕೂತಿದ್ದವಳು ನನ್ನನ್ನು ನೋಡಿ, "ವೇಣಕ್ಕ, ಅಮ್ಮ ಹೋದ್ಲು" ಎಂದಳು. ನನ್ನ ಸೆರಗಿನಡಿ ಏನಿದೆ ಎಂದು ಅವಳು ನೋಡಲಿಲ್ಲ. ಹೇಗೆ ಕೊಡಲಿ? ಹೆಣ ಇನ್ನೂ ಅಂಗಳದಲ್ಲಿತ್ತು. ಹನ್ನೆರಡು ದಿನ ಕಳೆಯಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡು ತಟ್ಟೆಯನ್ನು ಹಾಗೇ ವಾಪಸು ತಂದೆ. ಆ ಹೊತ್ತಿನಲ್ಲಿ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು ಎಂದು ಇವತ್ತಿಗೂ ಅನ್ನಿಸುತ್ತದೆ. ಆಮೇಲೆ ಮಾಡಿದ್ದಕ್ಕೆ ಮಾತ್ರ ನಾನೊಬ್ಬಳೇ ಹೊಣೆ.

ಅವಳು ಹನ್ನೆರಡು ದಿನ ಮನೆಯಲ್ಲಿ ಕೂರಲಿಲ್ಲ. ಅದೇ ಶನಿವಾರ ಬಂದುಬಿಟ್ಟಳು. ದೂರದಿಂದಲೇ ಅವಳು ಬರುವುದನ್ನು ಕಿಟಕಿಯಲ್ಲಿ ಕಂಡೆ. ಕಾವಲಿಯ ಮೇಲಿದ್ದ ಒಂದು ಸೆಟ್ ದೋಸೆ ಎಳೆದುಕೊಂಡು, ಒಂದು ಕಡೆ ದುಂಡಗೆ ಬಿಟ್ಟು ಇನ್ನೊಂದು ಕಡೆ ಹರಿದು, ಮೇಲೊಂದು ಚಮಚ ಸಾಗು ಹಾಕಿ ಗೂಡಿನೊಳಗೆ ತಳ್ಳಿದೆ. ಅವಳು ಬಂದಳು, ಬಗ್ಗಿ ವಾಸನೆ ತೆಗೆದುಕೊಂಡಳು. "ಅಮ್ಮ ಹೋದ್ಲು, ಇವ್ರಾದ್ರೂ ಇದಾರಲ್ಲ ವೇಣಕ್ಕ" ಎಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅಲ್ಲಿಂದ ನಾಲ್ಕು ವರ್ಷ, ಶನಿವಾರಕ್ಕೊಂದು ದೋಸೆ. ಮುಂದಿನ ವಾರ ಹೇಳೋಣ, ಹಬ್ಬ ಮುಗಿಯಲಿ, ಅವಳ ಜ್ವರ ಬಿಡಲಿ ಎಂದು ನೆಪಗಳಿಗೇನು ಬರವೇ? ಒಂದು ಶನಿವಾರ ಕ್ಯಾಪ್ಟನ್ ನಾನು ದೋಸೆ ಹರಿಯುವುದನ್ನು ನೋಡಿಬಿಟ್ಟರು. ಅವರಿಗೆ ತಕ್ಷಣ ಅರ್ಥವಾಯಿತು. ಏನೋ ಹೇಳಲು ಬಾಯಿ ತೆಗೆದವರು, ಟೊಪ್ಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು, "ನಾನೇನೂ ನೋಡ್ಲಿಲ್ಲ ವೇಣಮ್ಮ, ಆದ್ರೆ ಇದು ಒಳ್ಳೇದಕ್ಕಲ್ಲ" ಎಂದು ಹೊರಗೆ ಹೋದರು.

ಒಳ್ಳೆಯದಕ್ಕಲ್ಲ ಎಂದು ನನಗೆ ನಿಜವಾಗಿ ತಟ್ಟಿದ್ದು ಅವಳಿಗೆ ಕಾಗದ ಬಂದಾಗ. ದೂರದ ಶಹರದ ಹೊಲಿಗೆ ಶಾಲೆಯವರು ಅವಳ ಕೆಲಸ ನೋಡಿ, ಬಂದು ಹುಡುಗಿಯರಿಗೆ ಕಲಿಸಿ, ಇರಲು ಮನೆಯನ್ನೂ ಕೊಡುತ್ತೇವೆ ಎಂದು ಬರೆದಿದ್ದರು. ಅವಳು ಆ ಕಾಗದವನ್ನು ಹೋಟೆಲಿಗೆ ತಂದು ನನಗೆ ಓದಿ ಹೇಳಿದಳು. ಓದುವಾಗ ಅವಳ ಮುಖ ನೋಡಬೇಕಿತ್ತು. "ಹೋಗು ಸುನಂದ, ತುತ್ತು ನಾನು ನೋಡ್ಕೋತೀನಿ" ಎಂದೆ. ಎಂಥ ಮಾತು ಆಡಿದೆ ನೋಡಿ. ಅವಳು ಕಾಗದ ಮಡಚುತ್ತಾ, "ಅವರು ಬಂದು ತುತ್ತು ತಿಂದು ಮನೆಗೆ ಬಂದಾಗ ಬಾಗಿಲಿಗೆ ಬೀಗ ಇದ್ರೆ ಚೆನ್ನಾಗಿರುತ್ತಾ?" ಎಂದಳು. ಎರಡು ವರ್ಷ ಬಿಟ್ಟು ಅದೇ ಶಾಲೆಯವರು ಮತ್ತೆ ಕರೆದರು. ಆ ಕಾಗದವನ್ನು ಅವಳು ಓದಿ ಹೇಳಲೂ ಇಲ್ಲ. ಆ ಶನಿವಾರವೂ ನಾನು ದೋಸೆ ಹರಿದೆ. ಹೇಳಿಬಿಡಬೇಕಿತ್ತು. ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಾಳಲ್ಲ, ಆ ಒಂದು ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಪಾಪ ಎಂದು ಶುರು ಮಾಡಿದ್ದು ಯಾವಾಗ ಹೇಡಿತನವಾಯಿತೋ ನನಗೇ ಗೊತ್ತಾಗಲಿಲ್ಲ.

ಚಂದ್ರಹಾಸ ಬಂದದ್ದು ಶನಿವಾರವೇ. ಅವನು ಬೇರೆ ಯಾವ ದಿನ ಬಂದಿದ್ದರೂ ಗೂಡಿನಲ್ಲಿ ಖಾಲಿ ತಟ್ಟೆ ಇರುತ್ತಿತ್ತು. ಬೆಳಗಿನ ವಿಮಾನ ಇಳಿದು ಅರ್ಧ ಗಂಟೆಯಾಗಿರಬೇಕು. ಸುನಂದ ಕಾಫಿ ಲೋಟ ಹಿಡಿದು ಕೂತಿದ್ದಳು, ತಟ್ಟೆ ಇನ್ನೂ ಗೂಡಿನಲ್ಲಿತ್ತು. ಮೆಟ್ಟಿಲು ಹತ್ತಿ ಒಳಗೆ ಬಂದವನನ್ನು ನಾನು ಗುರುತಿಸಲಿಲ್ಲ. ಅವಳು ಗುರುತಿಸಿದಳು. ಲೋಟ ಕೆಳಗಿಟ್ಟು ಎದ್ದು ನಿಂತಳು. ಅವನು ಅವಳ ಕಡೆ ಸರಿಯಾಗಿ ನೋಡದೆ, ಬಾಗಿಲ ಹತ್ತಿರವೇ ನಿಂತು, ನನ್ನ ಕಡೆ ತಿರುಗಿ ಮೆಲ್ಲಗೆ, "ನನ್ನ ತಟ್ಟೆ ಮನೆಗೆ ಕೊಟ್ಟಿರ್ತೀರ ಅಲ್ವಾ ವೇಣಕ್ಕ? ನಾನು ನೆಂಟನ ಥರಾನೇ ಬಂದಿದ್ದು" ಎಂದ. ಆ ಒಂದು ಗಳಿಗೆ ಅವನು ಪ್ರಾಮಾಣಿಕನಾಗಿದ್ದ. ನನ್ನ ಕಿವಿಗಷ್ಟೇ ಬಿದ್ದ ಆ ಮಾತಿಗಾಗಿ ಅವನ ಮೇಲೆ ನನಗೆ ಈಗಲೂ ಪೂರ್ತಿ ಕೋಪ ಬರುವುದಿಲ್ಲ.

ಅಷ್ಟರಲ್ಲಿ ಸುನಂದ ತಾನೇ ಕೈ ಎತ್ತಿ ಗೂಡಿನ ಮುಚ್ಚಳ ತೆಗೆದಳು. ಆರು ವರ್ಷದಲ್ಲಿ ಅವಳು ಆ ತಟ್ಟೆ ಮುಟ್ಟಿದ್ದು ಇದೇ ಮೊದಲು. ಎರಡೂ ಕೈಯಲ್ಲಿ ಹಿಡಿದು ಹನ್ನೊಂದನೇ ಸೀಟಿನ ಮುಂದೆ ಇಟ್ಟು, "ಬನ್ನಿ, ಕೂತ್ಕೊಳ್ಳಿ, ತಿನ್ನಿ" ಎಂದಳು. ಅವನು ತಟ್ಟೆ ನೋಡಿದ. ಹಬೆಯಾಡುವ ದೋಸೆ, ಮೇಲೆ ಸಾಗು. ಅವನ ಮುಖದಲ್ಲಿ ಮೊದಲು ಬಂದದ್ದು ಗಾಬರಿ. ಆಮೇಲೆ ನನ್ನ ಕಡೆ ಒಂದು ನೋಟ. ಆಮೇಲೆ, ಕಣ್ಣೆದುರೇ, ಅವನ ಮುಖ ಬದಲಾಯಿತು. ಭುಜ ಎತ್ತಿಕೊಂಡು, ಚೀಲ ಕೆಳಗಿಟ್ಟು, ಮನೆ ಯಜಮಾನನ ಹಾಗೆ ಕಾಲು ಚಾಚಿ ಕೂತ.

ಹೋಟೆಲಿನಲ್ಲಿದ್ದವರೆಲ್ಲ ಎದ್ದು ಸುತ್ತ ನೆರೆದರು. ಆರು ವರ್ಷದ ತುತ್ತು ತಿನ್ನುವುದನ್ನು ನೋಡುವುದೆಂದರೆ ನಮ್ಮೂರಿನವರಿಗೆ ಹಬ್ಬ. ಕ್ಯಾಪ್ಟನ್ ಮಾತ್ರ ಹಿಡಿದ ಮೈಕನ್ನು ಕೆಳಗಿಟ್ಟರು. ಚಂದ್ರಹಾಸ ದೋಸೆ ಬಾಯಿಗಿಟ್ಟು, ಅಗಿದು, "ನೋಡೇ, ಇನ್ನೂ ಮೆತ್ತಗಿದೆ. ಒಂದಿನಾನಾದ್ರೂ ನಿನ್ನ ಮರ್ತಿದೀನಾ? ಕಾಗದ ಬರೀಲಿಕ್ಕೆ ಆಗ್ಲಿಲ್ಲ ಅಷ್ಟೇ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದ. ಸುನಂದ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿದ್ದವರು ಅವಳ ಬೆನ್ನು ತಟ್ಟುತ್ತಿದ್ದರು. ಸುಮ್ಮನಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು, ಅದು ನನಗೂ ಗೊತ್ತು. ಅವನಿಗೆ ಮನೆ ಸಿಗುತ್ತಿತ್ತು, ಅವಳಿಗೆ ಗಂಡ ಸಿಗುತ್ತಿದ್ದ, ನನ್ನ ಸುಳ್ಳು ಅವನ ಹೊಟ್ಟೆ ಸೇರಿ ಕರಗುತ್ತಿತ್ತು. ಕ್ಯಾಪ್ಟನ್ ದೂರದಿಂದಲೇ ಬೇಡ ಬೇಡ ಎಂದು ತಲೆ ಆಡಿಸಿದರು. ಆದರೆ ಸಾಕ್ಷಿ ಎಂಬ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅವಳು ಮುಂದಿನ ಬದುಕನ್ನೂ ನನ್ನ ದೋಸೆ ನಂಬಿ ಬದುಕಬೇಕೇ?

"ಅದು ಇವತ್ತಿನ ದೋಸೆ ಸುನಂದ" ಎಂದೆ. "ಬೆಳಿಗ್ಗೆ ನಾನೇ ಹರಿದು ಇಟ್ಟಿದ್ದು."

ಅಗಿಯುತ್ತಿದ್ದವನು ನಿಲ್ಲಿಸಿದ. ಸುನಂದ ನಗುವನ್ನು ಇನ್ನೂ ಮುಖದ ಮೇಲೆ ಇಟ್ಟುಕೊಂಡೇ ನನ್ನ ಕಡೆ ತಿರುಗಿ, "ಏನ್ ವೇಣಕ್ಕ?" ಎಂದಳು. ನಾನು ಎಲ್ಲ ಹೇಳಿದೆ. ಸೋಮವಾರದ ಬೂಷ್ಟು, ಸೆರಗಿನಡಿಯ ತಟ್ಟೆ, ಅವಳ ತಾಯಿಯ ಹೆಣ, ಆಮೇಲಿನ ಒಂದೊಂದು ಶನಿವಾರ. ಹೇಳುವಾಗ ಅಳು ಬಂತು, ಅಳುತ್ತಲೇ ಹೇಳಿದೆ. ಅವಳು ತಟ್ಟೆಯಲ್ಲಿ ಉಳಿದಿದ್ದ ಸಾಗುವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹಂಗಾದ್ರೆ ನಾಲ್ಕು ವರ್ಷ ನಾನು ಕಾದಿದ್ದು ಇವರನ್ನಲ್ಲ" ಎಂದಳು. "ನಿಮ್ಮ ದೋಸೇನ."

ಅವಳು ಗಂಡನ ಕಡೆ ತಿರುಗಿದಳು. ಅವನು ಏನೋ ಹೇಳಲು ಹೊರಟ, "ಹಂಗಲ್ಲ ಕಣೆ, ಮನುಷ್ಯನ ಮನಸ್ಸು ಅಂದ್ಮೇಲೆ..." ಅವಳು ಕೈ ಎತ್ತಿ ತಡೆದಳು. ಕೂಗಲಿಲ್ಲ, ಬೈಯಲಿಲ್ಲ. "ನೀವು ನೆಂಟರು. ಕಾಫಿ ಕುಡಿದು ಹೋಗಿ" ಎಂದು ಹೇಳಿ, ಬಟ್ಟೆಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಅವನು ಕಾಫಿ ಕುಡಿಯಲಿಲ್ಲ. ಆ ಸಂಜೆ ಕಂಟ್ರೋಲ್ ಟವರ್ ಬಾರಿನಲ್ಲಿ ಕೂತಿದ್ದನಂತೆ. ಮೊದಲ ಗ್ಲಾಸು ಕೊಡಬೇಕೋ ಬೇಡವೋ ಎಂದು ಅಲ್ಲಿಯವರಿಗೆ ಗೊಂದಲವಾಗಿ, ಕೊನೆಗೆ ಕೊಟ್ಟರಂತೆ. ಮರುದಿನದ ವಿಮಾನಕ್ಕೆ ಹೋಗುವಾಗ ನಮ್ಮಲ್ಲಿ ಎರಡು ಇಡ್ಲಿ ತಿಂದು ತಟ್ಟೆ ಪೂರ್ತಿ ಖಾಲಿ ಮಾಡಿದ. ಈ ಸಲ ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಆ ವಾರ ಊರಿಗೆ ಊರೇ ಹೋಟೆಲಿಗೆ ಬಂತು. ನಮ್ಮ ಮಗನ ತುತ್ತು ನಿಜದ್ದೋ, ನಮ್ಮ ಅಳಿಯನ ವಡೆ ಅವನೇ ಕಚ್ಚಿದ್ದೋ ಎಂದು ಗೂಡುಗಳನ್ನೆಲ್ಲ ತೆಗೆಸಿ ಮೂಸಿದರು. ಕೆಲವರು ತಟ್ಟೆಯನ್ನೇ ಮನೆಗೆ ಒಯ್ದರು. ಮಿಕ್ಕ ಯಾವ ತುತ್ತನ್ನೂ ನಾನು ಮುಟ್ಟಿರಲಿಲ್ಲ, ದೇವರ ಮೇಲೆ ಆಣೆ ಮಾಡಿ ಹೇಳಿದೆ. ಕೆಲವರು ನಂಬಿದರು. ಕ್ಯಾಪ್ಟನ್ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ, ಆದರೆ ಗೂಡುಗಳಿಗೆ ಬೀಗ ಹಾಕಿಸಿ ಬೀಗದಕೈ ತಾವೇ ಇಟ್ಟುಕೊಂಡರು. "ದೋಸೆ ಚೆನ್ನಾಗಿ ಹರೀತೀಯ, ಹುಯ್ಯೋದೂ ಕಲಿ" ಎಂದರು. ಈಗ ನಾನು ಕಾವಲಿಯ ಮುಂದೆ ನಿಲ್ಲುತ್ತೇನೆ.

ಸುನಂದಳ ಮನೆಗೆ ಮೂರು ಸಲ ಹೋದೆ. ಅವಳು ಬಾಗಿಲು ತೆಗೆದಳು, ಮಣೆ ಕೊಟ್ಟಳು, ಕಾಫಿಯನ್ನೂ ಕೊಟ್ಟಳು. ಮಷೀನು ತುಳಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎರಡು ಸಲ ಕೂತು ಎದ್ದು ಬಂದೆ. ಮೂರನೇ ಸಲ ತಡೆಯಲಾರದೆ, "ಬೈದಾದ್ರೂ ಬಿಡೇ" ಎಂದೆ. ಅವಳು ದಾರ ಕತ್ತರಿಸುತ್ತಾ, "ಯಾಕೆ ಮಾಡಿದ್ರಿ ಅಂತ ನಂಗೆ ಅರ್ಥ ಆಗುತ್ತೆ ವೇಣಕ್ಕ. ಅರ್ಥ ಆಗೋದ್ರಿಂದಾನೇ ಬೈಯೋಕೂ ಆಗ್ತಿಲ್ಲ. ಒಂದು ತೊಳೆದ ತಟ್ಟೆ ತಡ್ಕೊಳೋ ಶಕ್ತಿ ನಂಗಿರ್ಲಿಲ್ಲ ಅಂತ ನೀವು ಹೆಂಗೆ ಅಂದ್ಕೊಂಡ್ರಿ?" ಎಂದಳು. ಅದಕ್ಕಿಂತ ಬೈಗುಳ ಯಾವುದಿದೆ? ನಾನು ತಲೆ ತಗ್ಗಿಸಿ ಎದ್ದು ಬಂದೆ.

ಹೊಲಿಗೆ ಶಾಲೆಯವರಿಗೆ ಅವಳೇ ಕಾಗದ ಬರೆದಳೆಂದು ಆಮೇಲೆ ತಿಳಿಯಿತು. ಹೊರಡುವ ದಿನ ಆಟೋದಲ್ಲಿ ಹೊಲಿಗೆ ಮಷೀನು, ಒಂದು ಟ್ರಂಕು ಹೇರಿಕೊಂಡು ಬಂದಳು. ಹನ್ನೊಂದನೇ ಸೀಟನ್ನು ನಾನೇ ಒರೆಸಿ ಇಟ್ಟಿದ್ದೆ. ಕಾವಲಿಯ ಮೇಲೆ ಅವಳಿಗಾಗಿಯೇ ಹುಯ್ದ ದೋಸೆ ಇತ್ತು. ಅವಳು ಒಂದು ದೊಡ್ಡ ತುತ್ತು ಬಿಡಲಿ, ದಿನಾ ಬೆಳಿಗ್ಗೆ ದೂರದಿಂದ ನೋಡಿಯಾದರೂ ಸಮಾಧಾನ ಪಡುತ್ತೇನೆ ಎಂದು ಆಸೆ. ಬಿಡದೆ ತಟ್ಟೆ ಖಾಲಿ ಮಾಡಿದರೂ ಸರಿ, ಬರುವುದಿಲ್ಲ ಎಂದು ತಿಳಿಯುತ್ತದಲ್ಲ. ಆಟೋ ನಮ್ಮ ಮುಂದೆ ನಿಲ್ಲಲಿಲ್ಲ. ನಿಲ್ದಾಣದ ಗೇಟಿನ ಕಡೆ ಹೋಗುತ್ತಿದ್ದದ್ದನ್ನು ಕಂಡು ಕ್ಯಾಪ್ಟನ್ ಮೈಕಿನಲ್ಲೇ ಕೂಗಿದರು, "ಸುನಂದಮ್ಮ, ತುತ್ತು! ತುತ್ತು ಇಡದೆ ಯಾರಾದ್ರೂ ಹೋಗ್ತಾರಾ?" ಆಟೋ ನಿಂತಿತು. ಅವಳು ಕತ್ತು ಹೊರಗೆ ಹಾಕಿ, "ಹಸಿವಿಲ್ಲ ಕ್ಯಾಪ್ಟನ್ರೇ" ಎಂದಳು. ಆಮೇಲೆ ದೋಸೆಯ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. "ಬರ್ತೀನೋ ಇಲ್ವೋ ಅನ್ನೋದು ನನ್ನ ಹತ್ರಾನೇ ಇರ್ಲಿ ವೇಣಕ್ಕ" ಎಂದಳು. ಕೋಪದ ದನಿಯಲ್ಲ. ಆಟೋ ಹೊರಟಿತು.

ನಮ್ಮೂರಿನಿಂದ ಹೋಟೆಲಿಗೆ ಬಾರದೆಯೇ ವಿಮಾನ ಹತ್ತಿದವರು ಅವಳಿಗಿಂತ ಮುಂಚೆ ಒಬ್ಬರೂ ಇಲ್ಲ. ಹೋಗಿ ಎಂಟು ತಿಂಗಳಾಯಿತು. ಅವಳು ಬರುತ್ತಾಳೆಯೇ, ನನ್ನನ್ನು ಒಮ್ಮೆಯಾದರೂ ನೆನೆಯುತ್ತಾಳೆಯೇ ಎಂದು ಯಾವ ಗೂಡು ತೆಗೆದು ನೋಡಲಿ? ಬೆಳಗಿನ ವಿಮಾನ ಇಳಿದಾಗಲೆಲ್ಲ ಸೌಟು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬರುತ್ತೇನೆ. ಹಿಂದೆ ಕಾವಲಿಯ ಮೇಲಿನ ದೋಸೆ ಸೀಯುತ್ತದೆ, ಕ್ಯಾಪ್ಟನ್ ಬೈಯುತ್ತಾರೆ. ಬೇರೆ ಊರುಗಳಲ್ಲಿ ಎಲ್ಲರೂ ಹೀಗೇ, ಏನೊಂದೂ ಗೊತ್ತಿಲ್ಲದೆ ಕಾಯುತ್ತಾರಂತೆ. ಅಷ್ಟು ಧೈರ್ಯ ಅವರಿಗೆಲ್ಲ ಎಲ್ಲಿಂದ ಬರುತ್ತದೋ ಕಾಣೆ.